ಏರಿಯಾ ಹ್ಯಾಂಗೈತಿ?

ಮುಂಗಾರು ಬೆಳಗಾವಿಗೆ ಎರಡು ದಿಕ್ಕಿನಿಂದ ಬರುತ್ತದೆ. ಒಂದು ಪಡುವಣದಿಂದ, ಖಾನಾಪುರದ ಕಾಡು ದಾಟಿ, ಮೋಡದ ರೂಪದಲ್ಲಿ. ಇನ್ನೊಂದು ಮೂಡಣದಿಂದ, ಬಾಗಲಕೋಟೆ, ವಿಜಯಪುರ, ಗದಗಿನ ಬಸ್ಸು ಹತ್ತಿ, ನೆಂಟರ ರೂಪದಲ್ಲಿ. ಮೊದಲನೆಯದು ಗಣಪತಿ ಮುಳುಗುವ ಹೊತ್ತಿಗೆ ಇಳಿಮುಖವಾಗುತ್ತದೆ. ಎರಡನೆಯದು ಸಿಇಟಿಯ ಕೊನೆಯ ಸುತ್ತು ಮುಗಿಯುವವರೆಗೂ ಬಿಡುವು ಕೊಡುವುದಿಲ್ಲ.

ಟಿಳಕವಾಡಿಯಲ್ಲಿ ಮನೆ ಮಾಡಿಕೊಂಡವನಿಗೆ ಈ ದಿನಗಳಲ್ಲಿ ಯಾರೂ ಆದೇಶ ಹೊರಡಿಸದ ಒಂದು ಹುದ್ದೆ ತಾನಾಗಿ ಒದಗಿ ಬರುತ್ತದೆ. ಬೆಳಗಾವಿಯ ಕಾಲೇಜುಗಳನ್ನು ಆಪ್ಶನ್ ಎಂಟ್ರಿಯಲ್ಲಿ ಮೇಲೆ ಹಾಕಬೇಕೋ ಕೆಳಗೆ ಹಾಕಬೇಕೋ ಎಂದು ವರದಿ ಕೊಡುವ ಹುದ್ದೆ. ಸಂಬಳವಿಲ್ಲ, ಭತ್ಯೆಯಿಲ್ಲ. ಉಲ್ಟಾ ಚಹಾ, ಅವಲಕ್ಕಿ, ಊರಿಗೆ ಹೊರಡುವಾಗ ಕೈಗೊಂದು ಕುಂದಾ ಪೊಟ್ಟಣ ನಮ್ಮದೇ ಖರ್ಚು. ನಾನು ಓದಿದ್ದು ಇಂಜಿನಿಯರಿಂಗ್ ಅಲ್ಲ ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಲೇಜಿನ ಹತ್ತಿರ ಮನೆ ಇದೆಯಲ್ಲ, ಅಷ್ಟು ಸಾಕು.

ಬಂದವರ ಪ್ರಶ್ನೆಗಳಲ್ಲಿ ಒಂದು ಶಿಸ್ತಿದೆ. ಅಪ್ಪ ಕೇಳುವುದು ಪ್ಯಾಕೇಜು: ಹೋದ ವರ್ಷ ಎಷ್ಟು ಲಕ್ಷದವರೆಗೆ ಹೋಗಿತ್ತು? ಅಜ್ಜ ಬಂದಿದ್ದರೆ ನೀರಿನ ವಿಚಾರ: ಕುಡಿಯೋ ನೀರು ಸಪ್ಪಗೋ, ಸವಳೋ? ಸೀಟು ಪಡೆಯಬೇಕಾದ ಮಗುವಿನ ಪ್ರಶ್ನೆ ವೈಫೈ. ಅದನ್ನು ಬಾಯಿಬಿಟ್ಟು ಕೇಳದೆ ಮೊಬೈಲು ಎತ್ತಿ ಹಿಡಿದು ತಾನೇ ಉತ್ತರ ಕಂಡುಕೊಳ್ಳುತ್ತದೆ. ಕೊನೆಯ ಪ್ರಶ್ನೆ ಅಮ್ಮನದು. ಎಲ್ಲರೂ ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ, ಬಾಗಿಲ ಸಂದಿಯಲ್ಲಿ, ದನಿ ತಗ್ಗಿಸಿ: "ಅಣ್ಣಾ, ಏರಿಯಾ ಹ್ಯಾಂಗೈತಿ?"

ಈ ಪ್ರಶ್ನೆ ಬರುವುದು ಹೆಣ್ಣುಮಕ್ಕಳ ಸೀಟಿಗೆ ಮಾತ್ರ. ಗಂಡುಮಕ್ಕಳನ್ನು ಕರೆತಂದ ತಾಯಂದಿರು ಅದೇ ಬಾಗಿಲ ಸಂದಿಯಲ್ಲಿ ಅದೇ ದನಿಯಲ್ಲಿ ಕೇಳುವುದು, "ಅಣ್ಣಾ, ಮೆಸ್ ಹ್ಯಾಂಗೈತಿ?"

ಮುಧೋಳದ ಕಡೆ ಕೊಟ್ಟ ನನ್ನ ತಂಗಿ ಏರಿಯಾದ ಪ್ರಶ್ನೆಯನ್ನು ಬಾಗಿಲವರೆಗೆ ಕಾಯಿಸಲಿಲ್ಲ. ಬಂದವಳೇ ಒದ್ದೆ ಕೊಡೆ ಮಡಚುತ್ತ ಶುರುಮಾಡಿದಳು. ಮಗಳಿಗೆ ಉದ್ಯಮಬಾಗದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಸಿಗುವ ಹಾಗಿತ್ತು. ಉದ್ಯಮಬಾಗದಲ್ಲಿ ಹೆಸರಾಂತ ಇಂಜಿನಿಯರಿಂಗ್ ಕಾಲೇಜುಗಳು ಎರಡಿವೆ: ಕರ್ನಾಟಕ ಲಾ ಸೊಸೈಟಿಯ ಗೋಗಟೆ ತಾಂತ್ರಿಕ ಕಾಲೇಜು ಮತ್ತು ಕೆಎಲ್‌ಇಯ ಡಾ. ಎಂ.ಎಸ್. ಶೇಷಗಿರಿ ಕಾಲೇಜು. ಎರಡೂ 1979ರಲ್ಲಿ ಹುಟ್ಟಿದವು. ಇವಳ ಸೀಟು ಯಾವುದರಲ್ಲಿ ಎಂಬುದು ಇಲ್ಲಿ ಮುಖ್ಯವಲ್ಲ, ಯಾಕೆಂದರೆ ತಂಗಿಯ ತಕರಾರು ಕಾಲೇಜಿನದಾಗಿರಲಿಲ್ಲ.

"ಕಾಲೇಜು ಚಲೋ ಐತಿ ಅಂತಾರು. ಆದ್ರ ಸುತ್ತಲೂ ಬರೇ ಕಾರ್ಖಾನಿ ಅಂತಲ್ಲ? ಲಾರಿ, ಹೊಗಿ, ಗುರುತಿಲ್ಲದ ಗಂಡಸರು. ಹೆಣ್ಮಗಳನ್ನ ಹ್ಯಾಂಗ ಬಿಡೂದು?"

ಅವಳ ಚೀಲದಲ್ಲಿ ಬದಲಿ ಕಾಲೇಜೂ ಇತ್ತು. ಬೇರೆ ಊರಿನ ಹೊರವಲಯದಲ್ಲಿ, ಎತ್ತರದ ಕಂಪೌಂಡಿನೊಳಗೆ. ಫೋಟೋದಲ್ಲಿ ಹುಲ್ಲುಹಾಸು, ಕಾರಂಜಿ, ನಗುತ್ತಿರುವ ವಾಚ್‌ಮನ್. ಮಗಳ ರ‍್ಯಾಂಕಿಗೆ ಹೋಲಿಸಿದರೆ ಅದು ಎಷ್ಟೋ ಮೆಟ್ಟಿಲು ಕೆಳಗಿನದು. ಮಗಳು ನನ್ನ ಕಡೆ ನೋಡಿದಳು. ನಾನು ಚಹಾದ ಕಪ್ಪಿನ ಕಡೆ ನೋಡಿದೆ.

ಉದ್ಯಮಬಾಗವನ್ನು ಹೊರಗಿನಿಂದ ನೋಡಿದವರಿಗೆ ದಿಗಿಲಾದರೆ ತಪ್ಪಲ್ಲ. ಊರ ಬಸ್‌ಸ್ಟ್ಯಾಂಡಿನಿಂದ ಐದಾರು ಕಿಲೋಮೀಟರ್ ಖಾನಾಪುರ ರಸ್ತೆ ಹಿಡಿದು ಬಂದು, ಮೂರನೇ ಗೇಟು ದಾಟಿದರೆ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಕಾದ ಕಬ್ಬಿಣ, ಸುಟ್ಟ ಎಣ್ಣೆ, ಒದ್ದೆ ಮರಳು. ವಾಹನದ ಬಿಡಿಭಾಗ, ಪಂಪು, ವಾಲ್ವು, ಹೈಡ್ರಾಲಿಕ್ ಯಂತ್ರ, ಇವುಗಳ ಎರಕ ಹೊಯ್ಯುವ ಮತ್ತು ಕೆತ್ತಿ ನಯ ಮಾಡುವ ಸಣ್ಣ ದೊಡ್ಡ ಶೆಡ್ಡುಗಳು ಸಾಲುಗಟ್ಟಿ ನಿಂತಿವೆ. ಫೌಂಡ್ರಿಯ ಮರಳಿಗೆ ಜೇಡಿಯ ಜೊತೆ ಕಲ್ಲಿದ್ದಲ ಪುಡಿ ಬೆರೆಸುತ್ತಾರೆ. ಹಾಗಾಗಿ ಅಚ್ಚು ಹಾಕುವವನ ಕೈ, ಮುಖ, ಅಂಗಿ ಎಲ್ಲ ಮಧ್ಯಾಹ್ನದೊಳಗೆ ಒಂದೇ ಬಣ್ಣಕ್ಕೆ ಬರುತ್ತವೆ. ಕಣ್ಣು, ಹಲ್ಲು ಮಾತ್ರ ಬೆಳ್ಳಗೆ ಉಳಿಯುತ್ತವೆ. ಪಾಳಿ ಬಿಟ್ಟು ಅಂಥ ನೂರು ಜನ ಒಟ್ಟಿಗೆ ಗೇಟಿನಿಂದ ಹೊರಬಿದ್ದಾಗ, ಮುಧೋಳದ ಕಬ್ಬಿನ ಗದ್ದೆ ನೋಡಿ ಬೆಳೆದ ತಾಯಿಗೆ ಕರುಳು ಚುರ್ ಎನ್ನದೆ ಇರುತ್ತದೆಯೇ?

ಎದುರು ಮನೆಯ ನಿವೃತ್ತ ಅಧಿಕಾರಿಗಳು ಗೋಡೆಯ ಮೇಲಿನಿಂದಲೇ ಈ ಚರ್ಚೆಗೆ ಸೇರಿಕೊಂಡರು. ಅವರ ಅಭಿಪ್ರಾಯದಲ್ಲಿ ಬೆಳಗಾವಿಯಲ್ಲಿ ಮಕ್ಕಳನ್ನು ಇಡಬಹುದಾದ ಏರಿಯಾ ಅಂದರೆ ಕ್ಯಾಂಪಿನ ಆಸುಪಾಸು, ಹನುಮಾನನಗರ, ಜಾಧವನಗರ. ಬಂಗಲೆ, ಮರ, ಮೌನ, ಸುಶಿಕ್ಷಿತ ಜನ. "ಅಲ್ಲಿ ಒಂದು ಅನಾಹುತ ಅಂತ ಕೇಳೂದಿಲ್ರಿ" ಎಂದರು.

ಅವರು ಹಿರಿಯರು, ಎದುರಾಡಬಾರದು. ಆದರೂ 2022ರ ಆಗಸ್ಟ್ ನೆನಪಿಗೆ ಬಂತು. ಆ ತಿಂಗಳು ಇದೇ ಜಾಧವನಗರದಲ್ಲಿ ಹಾಡಹಗಲೇ ಚಿರತೆ ಕಾಣಿಸಿಕೊಂಡು ಕಟ್ಟಡ ಕೆಲಸದವನೊಬ್ಬನ ಮೇಲೆ ಎರಗಿತು. ಅಲ್ಲಿಂದ ಗಾಲ್ಫ್ ಮೈದಾನದ ಪೊದೆಗೆ ಸೇರಿದ್ದು ಸುಮಾರು ಒಂದು ತಿಂಗಳು ಇಡೀ ಊರನ್ನು ಆಡಿಸಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಬೋನು ಇಟ್ಟರು, ಡ್ರೋನ್ ಹಾರಿಸಿದರು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿದರು. ಆನೆ ನೋಡಲು ಜನ ಸೇರಿದರು, ಜನ ಚದುರಿಸಲು ಪೊಲೀಸರು ಬಂದರು. ಇಷ್ಟಾಗಿಯೂ ಚಿರತೆ ಸಿಗಲಿಲ್ಲ. ಬೆಳಗಾವಿಗೆ ಬಂದ ಆ ಅತಿಥಿ ಊರಿನ ನಕ್ಷೆಯನ್ನೆಲ್ಲ ನೋಡಿ ಆರಿಸಿಕೊಂಡದ್ದು ಮರ, ಮೌನ, ಸುಶಿಕ್ಷಿತ ಜನ ಇರುವ ಏರಿಯಾವನ್ನೇ. ಉದ್ಯಮಬಾಗದ ಕಡೆ ಅದು ತಲೆ ಹಾಕಲಿಲ್ಲ. ಅಲ್ಲಿ ಅಡಗಿ ಕೂರುವಷ್ಟು ಸದ್ದಿಲ್ಲದ ಜಾಗ ಅದಕ್ಕೆಲ್ಲಿ ಸಿಗಬೇಕು?

ಇದನ್ನು ಹೇಳಿದಾಗ ಮಗಳು ನಕ್ಕಳು. ತಂಗಿ ನಗಲಿಲ್ಲ. "ಚಿಗರಿ, ಚಿರ್ಚಿ ಮಾತು ಬ್ಯಾಡ ಅಣ್ಣಾ. ನನಗ ಮನಷ್ಯಾರದ ಅಂಜಿಕಿ" ಎಂದಳು.

ಮನುಷ್ಯರ ಅಂಜಿಕೆಗೆ ಖಾನಾಪುರದವರ ಬಳಿ ಬೇರೆಯದೇ ಅಳತೆಗೋಲಿದೆ. ಬೆಳಗಾವಿಯಿಂದ ಇಪ್ಪತ್ತಾರು ಕಿಲೋಮೀಟರ್ ಆಚೆಯ ಖಾನಾಪುರದಿಂದ, ಜಾಂಬೋಟಿ, ಲೋಂಡಾ ಕಡೆಯ ಹಳ್ಳಿಗಳಿಂದ ಮಕ್ಕಳು ಬಸ್ಸು, ರೈಲು ಹಿಡಿದು ದಿನಾ ಈ ಕಡೆಗೆ ಓದಲು ಬರುತ್ತಾರೆ. ಅಲ್ಲಿಯ ಕಾಡಂಚಿನ ಊರಿನಲ್ಲಿ ಕತ್ತಲಾದ ಮೇಲೆ ಒಬ್ಬರೇ ನಡೆಯಬೇಡಿ ಎಂದರೆ ಅದಕ್ಕೆ ಕಾರಣ ಕರಡಿ. ನಮ್ಮ ಮನೆಗೆ ಹಾಲು ಕೊಡುವ ಹೆಣ್ಣುಮಗಳು ಆ ಕಡೆಯವಳು. ತಂಗಿಯ ಸಂಕಟ ಕೇಳಿ ಅವಳೆಂದಳು: "ಅಕ್ಕಾರ, ಮನಷ್ಯಾ ಆದ್ರ ಯಾಕೋ ಅಂತ ಜೋರು ಮಾಡಬಹುದ್ರಿ. ಕರಡಿಗೆ ಏನಂತ ಕೇಳ್ತೀರಿ?" ತರ್ಕ ಗಟ್ಟಿಯಾಗಿತ್ತು, ಆದರೆ ತಂಗಿಗೆ ಸಮಾಧಾನವಾಗಲಿಲ್ಲ. ಕರಡಿಯಿಲ್ಲ ಎಂಬ ಕಾರಣಕ್ಕೆ ಯಾರೂ ಆಪ್ಶನ್ ಎಂಟ್ರಿಯಲ್ಲಿ ಒಂದನೇ ನಂಬರು ಕೊಡುವುದಿಲ್ಲ.

ತಂಗಿಯದು ಹಳ್ಳಿಯ ಭಯ ಎಂದು ಹಗುರ ಮಾಡುವ ಹಾಗೂ ಇಲ್ಲ. ಅಮೆರಿಕದಂಥ ದೇಶದಲ್ಲಿ ಇದಕ್ಕೊಂದು ಕಾನೂನೇ ಇದೆ. ಕಾಲೇಜುಗಳು ತಮ್ಮ ಆವರಣದಲ್ಲೂ ಅದಕ್ಕೆ ಅಂಟಿಕೊಂಡ ಬೀದಿಗಳಲ್ಲೂ ಏನೇನು ಅಪರಾಧ ನಡೆಯಿತು ಎಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ತಂದೆತಾಯಿ ಅದನ್ನು ಓದಿ ಸೀಟು ತೂಗುತ್ತಾರೆ. 1990ರ ಆ ಕಾನೂನಿಗೆ ಜೀನ್ ಕ್ಲೆರಿ ಎಂಬ ಹುಡುಗಿಯ ಹೆಸರಿದೆ. ಅವಳ ಅಣ್ಣಂದಿರು ಓದಿದ ದೊಡ್ಡ ಊರಿನ ವಿಶ್ವವಿದ್ಯಾಲಯಕ್ಕೇ ಅವಳೂ ಹೋಗಬೇಕಿತ್ತು. ಅಲ್ಲಿ ಆವರಣದ ಹೊರಗೆ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಗಿದ್ದು ಕೇಳಿ ಮನೆಯವರು ಮನಸ್ಸು ಬದಲಿಸಿ, ಪೆನ್ಸಿಲ್ವೇನಿಯಾದ ಲೀಹೈ ಎಂಬ ಪ್ರಶಾಂತ ಆವರಣಕ್ಕೆ ಕಳಿಸಿದರು. 1986ರ ಏಪ್ರಿಲ್‌ನಲ್ಲಿ ಅವಳ ಕೊಲೆಯಾದದ್ದು ಅಲ್ಲಿಯ ಹಾಸ್ಟೆಲ್ ಕೋಣೆಯಲ್ಲಿ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯ ಕೈಯಲ್ಲಿ. ಬಾಗಿಲುಗಳು ತಾವಾಗಿ ಮುಚ್ಚಿ ಬೀಗ ಬೀಳುವಂಥವು. ಗೆಳೆಯರು ಬಂದುಹೋಗಲು ಸುಲಭವಾಗಲೆಂದು ಯಾರೋ ಪಿಜ್ಜಾ ಡಬ್ಬಿ ಅಡ್ಡ ಇಟ್ಟು ತೆರೆದೇ ಬಿಟ್ಟಿದ್ದರು.

ಇದನ್ನು ತಂಗಿಗೆ ಹೇಳಲಿಲ್ಲ. ತಾಯಂದಿರಿಗೆ ಹೇಳುವ ಕತೆಯಲ್ಲ. ಆದರೆ ಏರಿಯಾ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಪಿಜ್ಜಾ ಡಬ್ಬಿ ಕಣ್ಣಿಗೆ ಬರುತ್ತದೆ. ನಮ್ಮ ಲೆಕ್ಕವೂ ಬೇರೆಯೇನಲ್ಲ. ಈ ದೇಶದಲ್ಲಿ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಯದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷವರ್ಷವೂ ಹೇಳುತ್ತವೆ. ನಾವು ಮಾತ್ರ ಗುರುತಿಲ್ಲದವರ ಕಡೆಗೇ ಟಾರ್ಚು ಹಿಡಿಯುತ್ತೇವೆ.

ಈ ಅಂಜಿಕೆಯ ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ಲೆಕ್ಕ ಹಾಕಿದ್ದಾರೆ. ದೆಹಲಿ ವಿಶ್ವವಿದ್ಯಾಲಯದ ಸಾವಿರಾರು ವಿದ್ಯಾರ್ಥಿಗಳು ದಿನಾ ಯಾವ ದಾರಿಯಲ್ಲಿ ಕಾಲೇಜಿಗೆ ಹೋಗುತ್ತಾರೆ ಎಂದು ಕೇಳಿ, ಆ ದಾರಿಗಳು ಎಷ್ಟು ಸುರಕ್ಷಿತ ಎಂಬುದರ ಜೊತೆ ತಾಳೆ ಹಾಕಿದರು. ಕಂಡದ್ದು ಇಷ್ಟು: ದಾರಿ ಸುರಕ್ಷಿತವಾಗಿದ್ದರೆ ಸಾಕು, ಅಂಕ ಇದ್ದರೂ ಹುಡುಗಿಯರು ಕೆಳಗಿನ ದರ್ಜೆಯ ಕಾಲೇಜು ಒಪ್ಪಿಕೊಳ್ಳುತ್ತಾರೆ, ಹೋಗಿಬರುವ ಖರ್ಚೂ ಹುಡುಗರಿಗಿಂತ ಹೆಚ್ಚು ಮಾಡುತ್ತಾರೆ. ಅಂದರೆ ಬೀದಿಯಲ್ಲಿ ನಿಂತು ಸಿಳ್ಳೆ ಹಾಕುವವನ ದಂಡವನ್ನು ಅವನ ಮನೆಯವರು ಕಟ್ಟುವುದಿಲ್ಲ, ಚೆನ್ನಾಗಿ ಓದಿದ ಹುಡುಗಿ ತನ್ನ ಸೀಟಿನಿಂದ ಮುರಿದು ಕಟ್ಟುತ್ತಾಳೆ. ತಂಗಿಯ ಚೀಲದಲ್ಲಿದ್ದ ಕಾರಂಜಿಯ ಫೋಟೋ ಅದೇ ದಂಡದ ರಸೀದಿ.

ಬೋರ್ಕರ್ ಅವರು ಕೇಳಿದ್ದು ದಾರಿಯನ್ನು ಎಂಬುದು ನನಗೆ ಹಿಡಿಸಿತು. ಏರಿಯಾ ಎಂದರೆ ಮೋಡದ ಹಾಗೆ, ಹಿಡಿತಕ್ಕೆ ಸಿಗುವುದಿಲ್ಲ. ದಾರಿಯಾದರೆ ನಡೆದು ನೋಡಬಹುದು. "ಸಂಜಿ ಮುಂದ ಹೋಗಿ ನೋಡಿ ಬರೂಣು" ಎಂದೆ. ಇದಕ್ಕೆ ತಂಗಿಯ ಗಂಡ ಆಕ್ಷೇಪ ಎತ್ತಿದರು. ಅವರು ಬೆಳಿಗ್ಗೆಯೇ ಕಾಲೇಜಿನ ಕಟ್ಟಡ, ಲ್ಯಾಬು, ಲೈಬ್ರರಿ ನೋಡಿ ಆಗಿತ್ತು. ಸಂಜೆ ನೋಡಲು ಏನಿದೆ? ಕಾಲೇಜು ನೋಡಲು ಹೋಗುವವರೆಲ್ಲ ಹತ್ತು ಗಂಟೆಯ ಬಿಸಿಲಲ್ಲಿ ಹೋಗುತ್ತಾರೆ. ಆ ಹೊತ್ತಿಗೆ ಯಾವ ಏರಿಯಾ ಕೆಟ್ಟದಾಗಿರುತ್ತದೆ ಹೇಳಿ?

ಹೊರಡುವ ಮೊದಲು ಅವರು ತಮ್ಮ ಪರಿಹಾರವನ್ನೂ ಮುಂದಿಟ್ಟರು. ನಡೆಯುವ ಪ್ರಮೇಯವೇ ಬೇಡ, ಮಗಳಿಗೆ ಒಂದು ಸ್ಕೂಟಿ ಕೊಡಿಸಿಬಿಡುವುದು. ಸುರಕ್ಷತೆ ಅಂದ್ರ ಸುರಕ್ಷತೆ. ಇಲ್ಲಿ ನಾನು ನನ್ನ ಸಂಬಳವಿಲ್ಲದ ಹುದ್ದೆಯ ಅಧಿಕಾರ ಚಲಾಯಿಸಲೇಬೇಕಾಯಿತು. ಈ ಖಾನಾಪುರ ರಸ್ತೆ ಬರೀ ಊರ ರಸ್ತೆಯಲ್ಲ, ಗೋವಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 748. ಕಾರ್ಖಾನೆಗೆ ಬರುವ ಲಾರಿ, ಗೋವಾದ ಟ್ಯಾಂಕರು, ಮಚ್ಛೆಯ ಕಡೆ ಹೋಗುವ ಕಾಲೇಜು ಬಸ್ಸು, ಪೀರನವಾಡಿಯ ಟಂಟಂ, ಎಲ್ಲ ಒಂದೇ ಮಳೆಯಲ್ಲಿ ಒಂದೇ ಗುಂಡಿ ತಪ್ಪಿಸುತ್ತಿರುತ್ತವೆ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರೇ 50 ಸಾವಿರ. ಇದು ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕ. ಮಗಳಿಗೆ ಗುರುತಿಲ್ಲದ ಗಂಡಸರಿಂದ ಅಪಾಯವಾದೀತು ಎಂದು ನಿದ್ದೆಗೆಡುವ ಅಪ್ಪ, ಮಗನಿಗೆ ಫಸ್ಟ್ ಕ್ಲಾಸು ಬಂದ ಖುಷಿಗೆ 200 ಸಿಸಿ ಬೈಕು ತಂದು ಮನೆ ಮುಂದೆ ನಿಲ್ಲಿಸಿ, ನಿಂಬೆಹಣ್ಣು ಕಟ್ಟಿ, ನೆಮ್ಮದಿಯಿಂದ ಮಲಗುತ್ತಾನೆ. ಹೆಲ್ಮೆಟ್ಟಿನ ಹಣ ನಿಂಬೆಹಣ್ಣಿಗಿಂತ ಜಾಸ್ತಿ, ನಿಜ.

"ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಫ್ರೀ ಐತಿ" ಎಂದು ಮಗಳೇ ಮಾತು ಮುಗಿಸಿದಳು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಊರ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ ಎಂದು ನಮ್ಮ ಎದುರು ಮನೆಯವರು ಗೊಣಗುತ್ತಾರೆ. ಆದರೆ ಹೆಂಗಸರೇ ತುಂಬಿದ ಬಸ್ಸಿನಲ್ಲಿ ಒಬ್ಬ ಹುಡುಗಿಗೆ ಸಿಗುವ ಧೈರ್ಯಕ್ಕೆ ಬೆಲೆ ಕಟ್ಟುವವರು ಯಾರು? ಅಲ್ಲಿ ಕಂಡಕ್ಟರನಿಗೇ ಜಾಗ ಬಿಡಿ ಎಂದು ಕೇಳುವ ಧೈರ್ಯ ಸಾಲುವುದಿಲ್ಲ.

ಅಂತೂ ಸಂಜೆ ಬಸ್ಸು ಹತ್ತಿ ಹೊರಟೆವು. ಮೊದಲು ಪಿಜಿ ನೋಡುವುದಿತ್ತು. ಮಾಲಕಿ ಕಾಕೂ ಬಾಗಿಲಲ್ಲೇ ಸುರಕ್ಷತೆಯ ವಿವರ ಕೊಟ್ಟರು. ಸಿಸಿಟಿವಿ ಇದೆ. ತಂಗಿ ಕಣ್ಣರಳಿಸಿದಳು. ಕ್ಯಾಮೆರಾ ಎಲ್ಲಿಗೆ ನೋಡುತ್ತಿದೆ ಎಂದು ನಾನು ತಲೆ ಎತ್ತಿದೆ. ಅದು ಗೇಟನ್ನು ನೋಡುತ್ತಿರಲಿಲ್ಲ, ಮೆಟ್ಟಿಲನ್ನೂ ನೋಡುತ್ತಿರಲಿಲ್ಲ. ಚಪ್ಪಲಿ ಸ್ಟ್ಯಾಂಡನ್ನು ದಿಟ್ಟಿಸುತ್ತಿತ್ತು. "ಮೊದಲ ಚಪ್ಪಲಿ ಭಾಳ ಕಳುವಾಗತಿದ್ದೂರಿ" ಎಂದರು ಕಾಕೂ. ಹಿತ್ತಲ ಬಾಗಿಲ ಚಿಲಕ ಮಳೆಗೆ ಉಬ್ಬಿ ಬೀಳುತ್ತಿರಲಿಲ್ಲ. ಅದಕ್ಕೆ ಒಂದು ಇಟ್ಟಂಗಿ ಆನಿಸಿತ್ತು. ಪಿಜ್ಜಾ ಡಬ್ಬಿಯ ಬದಲಿಗೆ ನಮ್ಮಲ್ಲಿ ಇಟ್ಟಂಗಿ.

"ಗೇಟು ಏಳಕ್ಕ ಬಂದ್" ಎಂಬುದು ಅವರ ಕೊನೆಯ ಭರವಸೆ.

"ಏಳೂ ಐದಕ್ಕ ಬಂದ್ರ?" ಮಗಳು ಕೇಳಿದಳು.

"ಬರಬಾರದವಾ."

"ಲ್ಯಾಬ್ ತಡಾ ಆಗಿ ಬಂದ್ರ ಕಾಕೂ?"

"ಹೊರಗ ನಿಂದರಬೇಕು. ನಾನು ನಿಮ್ಮ ಅಪ್ಪಾರಿಗೆ ಫೋನ್ ಮಾಡ್ತೀನಿ. ಅವರು ತಗೀರಿ ಅಂದ ಮ್ಯಾಲ ತಗೀತೀನಿ."

ಗೇಟು ಇಲ್ಲಿ. ಅದರ ಕೀಲಿಕೈ ನೂರು ಕಿಲೋಮೀಟರ್ ಆಚೆ, ಹೊಲದಲ್ಲಿ ನೆಟ್‌ವರ್ಕ್ ಸಿಗದ ಕಡೆ ನೀರು ಹಾಯಿಸುತ್ತಿರುವ ಅಪ್ಪನ ಅಂಗಿ ಜೇಬಿನಲ್ಲಿ. ಅವರು ಫೋನು ಎತ್ತುವವರೆಗೆ ಹುಡುಗಿ ಕತ್ತಲಲ್ಲಿ, ಮಳೆಯಲ್ಲಿ, ತನ್ನ ಸುರಕ್ಷತೆಗೆಂದೇ ಮಾಡಿದ ಗೇಟಿನ ಹೊರಗೆ ನಿಂತಿರಬೇಕು. ಬೀದಿ ಅಪಾಯ ಎಂದು ನಿಯಮ ಮಾಡುತ್ತೇವೆ. ನಿಯಮ ಮೀರಿದವಳನ್ನು ಅದೇ ಬೀದಿಗೆ ಬಿಡುತ್ತೇವೆ. ಪಕ್ಕದ ಹುಡುಗರ ಪಿಜಿಗೆ ಗೇಟೇ ಇರಲಿಲ್ಲ. ತಂಗಿಯ ಗಂಡ ಕಾಕೂ ಮಾತು ಕೇಳಿ ಏನೂ ಅನ್ನಲಿಲ್ಲ. ಜೇಬಿನಿಂದ ಮೊಬೈಲು ತೆಗೆದು ಚಾರ್ಜು ಎಷ್ಟಿದೆ ನೋಡಿಕೊಂಡರು.

ಅಲ್ಲಿಂದ ಒಳರಸ್ತೆ ಹಿಡಿದೆವು. ಒಂದು ಕಡೆ ರಸ್ತೆಯ ಎರಡೂ ಬದಿಗೆ ಎತ್ತರದ ಕಂಪೌಂಡು, ನಡುವೆ ಕೆಟ್ಟ ಬೀದಿದೀಪ, ಕಿಟಕಿಯೇ ಇಲ್ಲದ ಹಿಂಗೋಡೆಗಳು. ತಂಗಿ ನನ್ನ ತೋಳು ಹಿಡಿದಳು. ಅವಳ ಅಂಜಿಕೆ ಅಲ್ಲಿ ನೂರಕ್ಕೆ ನೂರು ಸರಿಯಾಗಿತ್ತು. ಮಜಾ ಎಂದರೆ, ಅವಳ ಫೋಟೋದ ಕಾಲೇಜಿನಲ್ಲಿ ಅವಳಿಗೆ ಮೆಚ್ಚುಗೆಯಾದದ್ದು ಇಂಥದೇ ಕಂಪೌಂಡು. ಒಳಗಿದ್ದವರಿಗೆ ಗೋಡೆ ರಕ್ಷಣೆ. ಹೊರಗೆ ನಡೆಯುವವರಿಗೆ ಅದೇ ಗೋಡೆ, ಕೂಗಿದರೆ ಕೇಳಿಸಿಕೊಳ್ಳುವವರೇ ಇಲ್ಲದ ಹಾಗೆ ಮಾಡುತ್ತದೆ.

ತಿರುವು ಮುರಿದೆವು. ಒಂದು ಫೌಂಡ್ರಿಯ ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು. ಕೆಲವು ಕಡೆ ಕುಲುಮೆ ಹೊತ್ತು ಮುಳುಗಿದ ಮೇಲೂ ಉರಿಯುತ್ತಿರುತ್ತದೆ. ಒಳಗೆ ಅಚ್ಚಿನ ಪೆಟ್ಟಿಗೆಗಳು ನೆಲದ ಮೇಲೆ ಸಾಲಾಗಿದ್ದವು. ಇಬ್ಬರು ಸೇರಿ ಉದ್ದ ಹಿಡಿಕೆಯ ಪಾತ್ರೆಯಲ್ಲಿ ಕರಗಿದ ಕಬ್ಬಿಣ ಹೊತ್ತು ತಂದರು. ಹದಿನಾಲ್ಕು ನೂರು ಡಿಗ್ರಿ ಹತ್ತಿರದ ಆ ಕಿತ್ತಳೆ ಬಣ್ಣದ ರಸವನ್ನು ಪೆಟ್ಟಿಗೆಯ ತೂತಿಗೆ ಸಣ್ಣಗೆ ಹೊಯ್ಯುತ್ತ ಒಂದೊಂದೇ ಹೆಜ್ಜೆ ಸರಿದರು. ಹನಿ ಆಚೀಚೆ ಚೆಲ್ಲಲಿಲ್ಲ. ತೂತಿನಿಂದ ನೀಲಿ ಉರಿ ಪುಸಕ್ಕನೆ ಎದ್ದು ಆರಿತು. ಮಳೆನೀರು ನಿಂತ ರಸ್ತೆಯ ಮೇಲೆಲ್ಲ ಆ ಬೆಳಕು ಬಿದ್ದಿತ್ತು. ಎಲೆಕ್ಟ್ರಾನಿಕ್ಸಿನ ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ತಾಯಿ ಅಷ್ಟು ಹೊತ್ತು ಅಂಜುತ್ತಿದ್ದ ಆ ಕಪ್ಪು ಮುಖಗಳನ್ನು ಹತ್ತಿರದಿಂದ ನೋಡಿ ಕೇಳಿದ್ದು ಒಂದೇ ಮಾತು: "ಇವರ ಊಟಾ ಆಗೇತಿಲ್ಲೋ ಇನ್ನಾ?"

ಊಟದ ಮೊದಲಿನ ಚಹಾ ಮೂಲೆಯ ಗೂಡಂಗಡಿಯಲ್ಲಿ ನಡೆದಿತ್ತು. ಒಂದು ಬದಿಯಲ್ಲಿ ಪಾಳಿ ಬಿಟ್ಟ ಕೆಲಸಗಾರರು, ಇನ್ನೊಂದು ಬದಿಯಲ್ಲಿ ಪ್ರಾಜೆಕ್ಟು ಮುಗಿಯದ ವಿದ್ಯಾರ್ಥಿಗಳು, ನಡುವೆ ಸ್ಟೋವಿನ ಹಿಂದೆ ಅಂಗಡಿಯ ಮಾವಶಿ. ಅವರು ಹುಡುಗಿಗೆ ಚಹಾ ಕೊಡುತ್ತಲೇ ವಿಚಾರಣೆ ಆರಂಭಿಸಿದರು. ಹೊಸದಾಗಿ ಬಂದಿಯೇನ ಬಾಳಾ? ಯಾವ ಊರು? ಯಾವ ಬ್ರಾಂಚು? ಇವರು ಯಾರು, ಮಾಮಾ ಏನು? ಎಲ್ಲಿ ಇರತೀ? ಗ್ಲಾಸು ಖಾಲಿಯಾಗುವಷ್ಟರಲ್ಲಿ ನಮ್ಮ ವಂಶಾವಳಿ ಅವರ ಸ್ಮೃತಿಯಲ್ಲಿ ನೋಂದಣಿಯಾಗಿತ್ತು. ನಡುವೆಯೇ ಕುತ್ತಿಗೆ ಹೊರಳಿಸಿ, ಹುಡುಗಿಯರು ನಿಂತ ಕಡೆ ಬೈಕು ತಂದು ಸುಮ್ಮನೆ ರೇಸ್ ಮಾಡುತ್ತಿದ್ದ ಇಬ್ಬರಿಗೆ, "ಏ, ಗಾಡಿ ತಗೀ ಅಲ್ಲಿಂದ! ಚಹಾ ಬೇಕಾದ್ರ ಇಳದು ಬಾ, ಇಲ್ಲಾಂದ್ರ ಮನೀಗೆ ಹೋಗು" ಎಂದರು. ಅವರು ಇಳಿಯಲಿಲ್ಲ. ಹೋದರು.

ನ್ಯೂಯಾರ್ಕಿನ ಬೀದಿಗಳನ್ನು ಕಿಟಕಿಯಲ್ಲಿ ಕೂತು ನೋಡಿ, 1961ರಲ್ಲಿ ಅಮೆರಿಕದ ನಗರಗಳ ಅಳಿವು ಉಳಿವಿನ ಕುರಿತು ದೊಡ್ಡ ಪುಸ್ತಕ ಬರೆದ ಜೇನ್ ಜೇಕಬ್ಸ್ ಎಂಬ ಹೆಂಗಸಿನ ವಾದವೂ ಇದೇ. ಬೀದಿಯನ್ನು ಕಾಯುವವರು ಮೊದಲಿಗೆ ಪೊಲೀಸರಲ್ಲ. ತಮ್ಮ ತಮ್ಮ ಕೆಲಸಕ್ಕೆ ಹೊತ್ತುಹೊತ್ತಿಗೆ ಬೀದಿಗೆ ಬರುವ ಜನ, ಅಂಗಡಿ ತೆರೆದು ಕೂತವರು. ಉದ್ಯಮಬಾಗಕ್ಕೆ ತನ್ನದೇ ಪೊಲೀಸ್ ಠಾಣೆ ಇದೆ, 112ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ, ಎರಡೂ ಬೇಕು. ಆದರೆ ಅವೆರಡೂ ಏನಾದರೂ ಆದ ಮೇಲೆ ಬರುವಂಥವು. ಮಾವಶಿ ಆಗುವ ಮೊದಲೇ ಅಲ್ಲಿರುತ್ತಾರೆ, ಅದೂ ಒಂದು ಗ್ಲಾಸು ಚಹಾದ ಖರ್ಚಿನಲ್ಲಿ.

ಇದನ್ನೆಲ್ಲ ನೋಡಿದ ಮೇಲೆ ಉದ್ಯಮಬಾಗ ಸುರಕ್ಷಿತ ಎಂದು ನಾನು ಛಾಪಾ ಒತ್ತಿ ಕೊಟ್ಟೆ ಎಂದಲ್ಲ. ಯಾವ ಏರಿಯಾಕ್ಕೂ ಹಾಗೆ ಒತ್ತಲು ಬರುವುದಿಲ್ಲ. ದೀಪಾವಳಿಗೆ ಕಾರ್ಖಾನೆಗಳು ಬಾಗಿಲು ಹಾಕಿದಾಗ ಇದೇ ತಿರುವು ಬಿಕೋ ಎನ್ನುತ್ತದೆ. ಆ ಕಂಪೌಂಡಿನ ರಸ್ತೆ ಯಾವತ್ತೂ ಬೇಡ. ಆದರೆ ಅಮ್ಮಂದಿರ ಪ್ರಶ್ನೆಯನ್ನು ನಾನೀಗ ಸಣ್ಣ ಸಣ್ಣ ಪ್ರಶ್ನೆಗಳಾಗಿ ಒಡೆದು ಅವರ ಕೈಗೇ ಕೊಡುತ್ತೇನೆ. ರಾತ್ರಿ ಎಂಟಕ್ಕೆ ಈ ದಾರಿಯಲ್ಲಿ ಯಾವ ಅಂಗಡಿ ತೆರೆದಿರುತ್ತದೆ? ಕೊನೆಯ ಬಸ್ಸು ಎಷ್ಟಕ್ಕೆ, ಇಳಿದ ಮೇಲೆ ಎಷ್ಟು ನಡಿಗೆ, ದೀಪ ಉರಿಯುತ್ತದೆಯೇ? ಹೆದ್ದಾರಿ ದಾಟುವುದು ಎಲ್ಲಿ? ತಡವಾದವಳಿಗೆ ಗೇಟು ತೆಗೆಯುವವರು ಯಾರು? ಹಿತ್ತಲ ಚಿಲಕ ಬೀಳುತ್ತದೆಯೇ? ಒಂದು ದಿನ ಹುಡುಗಿ ಬರದಿದ್ದರೆ, ಯಾಕೆ ಬರಲಿಲ್ಲ ಎಂದು ಕೇಳುವವರು ಒಬ್ಬರಾದರೂ ಇದ್ದಾರೆಯೇ? ಈ ಕೊನೆಯದೊಂದಕ್ಕೆ ಹೌದು ಎಂದು ಬಂದರೆ ಉಳಿದವುಗಳಲ್ಲಿ ಅರ್ಧ ರಿಪೇರಿ ಮಾಡಿಕೊಳ್ಳಬಹುದು. ಮತ್ತು ಇವನ್ನೇ ಗಂಡುಮಗನ ಸೀಟಿಗೂ ಕೇಳಿ ಎನ್ನುತ್ತೇನೆ. ಅವರು ಹೂಂ ಎಂದು ತಲೆಯಾಡಿಸಿ, ಮೆಸ್ಸು ಹ್ಯಾಂಗೈತಿ ಎನ್ನುತ್ತಾರೆ.

ತಂಗಿಗೆ ಈ ಪರೀಕ್ಷೆಯ ರುಚಿ ಹತ್ತಿಬಿಟ್ಟಿತು. ಉದ್ಯಮಬಾಗದ ಸೀಟು ಒಂದನೇ ನಂಬರಿಗೆ ಏರಿತು. ಕಾರಂಜಿಯ ಕಾಲೇಜು ಪಟ್ಟಿಯಿಂದಲೇ ಬಿತ್ತು. ಪಿಜಿ ಕಾಕೂಗೆ ಚಿಲಕ ಸರಿಮಾಡಿಸಿ, ಕ್ಯಾಮೆರಾ ಗೇಟಿನ ಕಡೆ ತಿರುಗಿಸಿ, ತಡವಾದರೆ ಮೊದಲು ಬಾಗಿಲು ತೆಗೆದು ಆಮೇಲೆ ಫೋನು ಮಾಡಬೇಕು ಎಂಬ ಕರಾರು ಹಾಕಿದಳು. ಕಾಕೂ ಒಪ್ಪಿದರು, ಬಾಡಿಗೆಗೆ ಐನೂರು ಸೇರಿಸಿ. ಪಿಜಿ ಯಾಕೆ, ನಮ್ಮ ಮನೆಯಲ್ಲೇ ಇರಲಿ, ಟಿಳಕವಾಡಿಗಿಂತ ಸುರಕ್ಷಿತ ಜಾಗ ಯಾವುದು ಎಂದು ನಾನೂ ನನ್ನ ಹೆಂಡತಿಯೂ ಎಷ್ಟೋ ಒತ್ತಾಯ ಮಾಡಿದೆವು.

ಅದಕ್ಕೆ ಅವಳು ಕೂಡಲೇ ಉತ್ತರ ಕೊಡಲಿಲ್ಲ. ಆ ರಾತ್ರಿ ಒಂಬತ್ತರ ಸುಮಾರಿಗೆ ಬಸ್ಸಿಳಿದು ನಮ್ಮ ಓಣಿಯಲ್ಲಿ ನಡೆದು ಬರುವಾಗ ಅವಳು ಎಡಕ್ಕೆ ಬಲಕ್ಕೆ ನೋಡುತ್ತಲೇ ಬಂದಿದ್ದಳು. ಒಂದೂ ಅಂಗಡಿ ತೆರೆದಿರಲಿಲ್ಲ. ಎಲ್ಲರ ಗೇಟಿಗೂ ಬೀಗ, ಎಲ್ಲರ ಕಿಟಕಿಗೂ ಪರದೆ, ಒಳಗೆ ಧಾರಾವಾಹಿಯ ಸದ್ದು. ಬೀದಿದೀಪ ಎದುರು ಮನೆಯ ಹಿರಿಯರ ಮಾವಿನ ಟೊಂಗೆಯಲ್ಲಿ ಮುಚ್ಚಿಹೋಗಿತ್ತು. ಮರುದಿನ ಬ್ಯಾಗು ಹೆಗಲಿಗೇರಿಸಿ, ಬಾಗಿಲ ಸಂದಿಯಲ್ಲಿ ನಿಂತು, ದನಿ ತಗ್ಗಿಸಿ ಅವಳು ಹೇಳಿದ್ದು ಇಷ್ಟು: "ಮಗಳು ಅಲ್ಲೇ ಪಿಜಿ ಒಳಗ ಇರಲಿ ಅಣ್ಣಾ, ಮಾವಶಿ ನೋಡ್ಕೋತಾರ. ನೀನು, ವೈನಿ ರಾತ್ರಿ ಎಂಟರ ಮ್ಯಾಲ ಹೊರಗ ಅಡ್ಡಾಡಬ್ಯಾಡ್ರಿ. ನಿಮ್ಮ ಏರಿಯಾ ಬರೋಬ್ಬರಿ ಇಲ್ಲ."